ಇವತ್ತು ಬಿರುಕಿಲ್ಲ

ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುವ ಮೊದಲು ಒಂದು ದುಂಡು ಕಾಗದ ಮುಚ್ಚುವುದು ನನ್ನ ಹಳೆಯ ರೂಢಿ. ಪೇಟೆಯಲ್ಲಿ ಸಿಗುವ ಕಾಗದವಲ್ಲ ಅದು. ಊಟದ ತಟ್ಟೆಯಷ್ಟು ಅಗಲ, ನಡುವೆ ಒಂದು ತೂತು, ಮೈತುಂಬ ಜೇಡರ ಬಲೆಯ ಹಾಗೆ ತೆಳು ಹಸಿರು ಗೆರೆಗಳು, ಅವುಗಳ ಮೇಲೆ ಕೆಂಪು ಶಾಯಿಯಲ್ಲಿ ಏರಿ ಇಳಿದು ಸುತ್ತಿಬಂದ ಒಂದೇ ಒಂದು ರೇಖೆ. ನಾವು ಭದ್ರಾವತಿಯಲ್ಲಿದ್ದ ಕಾಲದಲ್ಲಿ ಕಾರ್ಖಾನೆಯ ಕುಲುಮೆಗಳ ಪಕ್ಕದಲ್ಲಿ ಗೋಡೆ ಗಡಿಯಾರದಂಥ ಯಂತ್ರವೊಂದು ಇರುತ್ತಿತ್ತು. ಅದರೊಳಗೆ ಈ ಕಾಗದ ನಿಧಾನವಾಗಿ ತಿರುಗುತ್ತ, ಕುಲುಮೆ ಎಷ್ಟು ಕಾಯಿತು, ಎಷ್ಟು ಹೊತ್ತಿಗೆ ಆರಿತು ಎಂಬುದನ್ನೆಲ್ಲ ಪೆನ್ನಿನ ಮುಳ್ಳಿನಿಂದ ಬರೆಸಿಕೊಳ್ಳುತ್ತಿತ್ತು. ಬಳಸಿ ಬಿಸಾಡಿದ ಚಾರ್ಟುಗಳನ್ನು ನಮ್ಮ ಯಜಮಾನರು ಮನೆಗೆ ತರುತ್ತಿದ್ದರು.

ಮದುವೆಯಾದ ಹೊಸತರಲ್ಲಿ ನ್ಯೂ ಟೌನಿನ ಕ್ವಾರ್ಟರ್ಸಿನ ಬೇರೆ ಗಂಡಂದಿರು ಶಿಫ್ಟು ಮುಗಿಸಿ ಬರುವಾಗ ಮಲ್ಲಿಗೆ ದಂಡೆ ತಂದರೆ, ನನ್ನವರು ಚಾರ್ಟು ತರುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಅದನ್ನು ಬಿಡಿಸಿ ಹಿಡಿದು, "ನೋಡು, ಈ ಕರ್ವ್ ಎಷ್ಟು ಸ್ಮೂತ್ ಆಗಿ ಇಳಿದಿದೆ!" ಎನ್ನುವರು. ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿ, ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡಿ, ಪ್ರೀತಿಯೆಂದರೆ ಹೀಗಿರುತ್ತದೆ, ಹಾಗಿರುತ್ತದೆ ಎಂದು ಮನಸ್ಸಿನಲ್ಲೇ ರೊಮ್ಯಾಂಟಿಕ್ ಆಗಿ ಚಿತ್ರ ಬರೆದುಕೊಂಡು ಬಂದಿದ್ದ ನನಗೆ ಮೊದಮೊದಲು ಅಳುವೇ ಬರುತ್ತಿತ್ತು. ಆಮೇಲೆ ಅರ್ಥವಾಯಿತು. ದಿನವಿಡೀ ತಾವು ಮಾಡಿದ್ದರಲ್ಲಿ ಅತ್ಯಂತ ಚಂದದ್ದು ಯಾವುದೋ ಅದನ್ನು ಆ ಮನುಷ್ಯ ಮನೆಗೆ ತರುತ್ತಿದ್ದರು. ಅಷ್ಟೇ. ಅಂದಿನಿಂದ ಚಾರ್ಟುಗಳು ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಹಾಸಾದವು, ಡಬ್ಬಿಗಳ ತಳಕ್ಕೆ ಬಿದ್ದವು, ಜಾಡಿಗಳ ಬಾಯಿಗೆ ಮುಚ್ಚಳವಾದವು.

ಆ ಕ್ವಾರ್ಟರ್ಸಿಗೆ ಒಮ್ಮೆ ಜರ್ಮನಿಯಿಂದ ಒಬ್ಬ ಎಂಜಿನಿಯರ್ ಬಂದರು. ಹೊಸ ಕುಲುಮೆಯೊಂದನ್ನು ಕೂರಿಸಿ, ಓಡಿಸಿ ತೋರಿಸುವುದು ಅವರ ಕೆಲಸ. ಪಕ್ಕದ ಮನೆಯ ತಮಿಳು ಮಾಮಿ ಅವರನ್ನು ಕಂಡ ಮೊದಲ ದಿನವೇ "ದೊರೈ ವಂದಾಚ್ಚು!", ಅಂದರೆ ದೊರೆ ಬಂದಾಯ್ತು, ಎಂದು ಬೀದಿಗೆಲ್ಲ ಸಾರಿದ್ದರಿಂದ ನಮ್ಮ ಸಾಲಿಗೆಲ್ಲ ಅವರು ದೊರೈ ಆದರು, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಮೊದಲ ಸಲ ಊಟಕ್ಕೆ ಕರೆದಾಗ, ಸಿಸ್ಟರ್‌ಗಳು ಕಲಿಸಿದ ಟೇಬಲ್ ಮ್ಯಾನರ್ಸನ್ನೆಲ್ಲ ನೆನಪು ಮಾಡಿಕೊಂಡು ನಾನು ಎಡಗಡೆಗೆ ಫೋರ್ಕು, ಬಲಗಡೆಗೆ ನೈಫು ಜೋಡಿಸಿಟ್ಟಿದ್ದೆ. ಅವರು ಎರಡನ್ನೂ ಪಕ್ಕಕ್ಕೆ ಸರಿಸಿ, ಉಪ್ಪಿನಕಾಯಿ ಜಾಡಿಯ ಬಾಯಿಗಿದ್ದ ಚಾರ್ಟನ್ನು ಕಂಡು ನಕ್ಕು, ಅಕ್ಕಿರೊಟ್ಟಿಯನ್ನು ಕೈಯಲ್ಲೇ ಮುರಿದು, ಮಿಡಿ ಉಪ್ಪಿನಕಾಯಿಯ ರಸದಲ್ಲಿ ಅದ್ದಿ ಬಾಯಿಗಿಟ್ಟರು. ಕಣ್ಣಲ್ಲಿ ನೀರು ಧಾರಾಕಾರ. "ಮೇಡಂ, ಇಟ್ ಈಸ್ ಪೇನ್‌ಫುಲ್," ಎಂದರು. ನಾನು ಗಾಬರಿಯಾಗಿ ನೀರು ಕೊಡಲು ಎದ್ದರೆ, "ಒನ್ ಮೋರ್, ಪ್ಲೀಸ್."

ದೊರೈ ಮತ್ತು ನನ್ನವರು ಇಬ್ಬರೂ ಸೇರಿ ಸೋತ ಒಂದು ಕೆಲಸವಿತ್ತು. ಯಾವುದೋ ವಿಶೇಷ ಉಕ್ಕಿನ ದಪ್ಪ ಎರಕ; ಅದನ್ನು ಕಾಯಿಸಿ ಆರಿಸುವಾಗ ಬಿರುಕು ಬಿಡುತ್ತಿತ್ತು. ಬಿರುಕು ಬಿಡುವಾಗ ಸದ್ದಾಗುತ್ತದೆ ಎಂದು ನನಗೆ ಗೊತ್ತಾದದ್ದು ಕಾರ್ಖಾನೆಯವರು ಕುಟುಂಬಗಳನ್ನು ಒಳಗೆ ಬಿಟ್ಟಿದ್ದ ಒಂದು ದಿನ. ಅವರಿಬ್ಬರೂ ಎರಕ ಆರುತ್ತಿದ್ದ ಗುಂಡಿಯ ಹತ್ತಿರದ ಬೆಂಚಿನ ಮೇಲೆ ಟೀ ಹಿಡಿದು ಕೂತಿದ್ದರು. ನಾನು ಏನೋ ಕೇಳಲು ಬಾಯಿ ತೆರೆದಾಗ ದೊರೈ ತುಟಿಯ ಮೇಲೆ ಬೆರಳಿಟ್ಟು, ತಲೆಯನ್ನು ಒಂದು ಕಡೆಗೆ ವಾಲಿಸಿ, ಮಲಗಿದ ಮಗುವಿನ ಉಸಿರು ಕೇಳುವವರ ಹಾಗೆ ಕೇಳಿಸಿಕೊಳ್ಳತೊಡಗಿದರು. ನನ್ನವರೂ ಹಾಗೇ. ಸ್ವಲ್ಪ ಹೊತ್ತಿಗೆ ಗುಂಡಿಯೊಳಗಿಂದ 'ಠಣ್' ಎಂದು ಒಂದು ಸದ್ದು ಬಂತು. ದೂರದಲ್ಲೆಲ್ಲೋ ಗಾಜಿನ ಲೋಟ ನೆಲಕ್ಕೆ ತಾಗಿದ ಹಾಗೆ, ಬಹಳ ಸಣ್ಣದು. ದೊರೈ ಕಣ್ಣು ಮುಚ್ಚಿಕೊಂಡರು. ನನ್ನವರು ಟೀಯನ್ನು ಹಾಗೇ ನೆಲಕ್ಕೆ ಚೆಲ್ಲಿದರು.

ದೊರೈ ತಮ್ಮ ದೇಶಕ್ಕೆ ಮರಳುವವರೆಗೂ ಅದು ಬಗೆಹರಿಯಲಿಲ್ಲ. ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಇಬ್ಬರೂ ಒಂದು ಮಾತು ಮಾಡಿಕೊಂಡರು. ಯಾರಿಗೆ ಮೊದಲು ಗುಟ್ಟು ಸಿಗುತ್ತದೋ ಅವರು ಇನ್ನೊಬ್ಬರಿಗೆ ಹೇಳಬೇಕು. ಕಾಗದ ಬರೆದಲ್ಲ, ಫೇಸ್ ಟು ಫೇಸ್. ಗಂಡಸರ ಸ್ನೇಹ ವಿಚಿತ್ರ. ಆಮೇಲೆ ವರ್ಷ ವರ್ಷವೂ ಬಂದ ಹೊಸ ವರ್ಷದ ಕಾರ್ಡುಗಳಲ್ಲಿ ಹೆಂಡತಿ ಮಕ್ಕಳ ಆರೋಗ್ಯ, ಹವೆ, ಇಷ್ಟೇ. ಕೊನೆಯಲ್ಲಿ ಮಾತ್ರ ದೊರೈ ತಪ್ಪದೆ ಒಂದು ಸಾಲು ಬರೆಯುತ್ತಿದ್ದರು: ಡಸ್ ಇಟ್ ಸ್ಟಿಲ್ ಕ್ರ್ಯಾಕ್?

ನಮ್ಮವರು ನಿವೃತ್ತರಾಗಿ ನಾವು ಶಿವಮೊಗ್ಗಕ್ಕೆ ಬಂದ ಮೇಲೆ, ಊರಾಚೆ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಚಿಕ್ಕ ಫೌಂಡ್ರಿಯವರು ಬಂದು ಕೇಳಿಕೊಂಡರು. ವಾರದಲ್ಲಿ ಎರಡು ಮೂರು ದಿನ ಬಂದು ಸಲಹೆ ಕೊಡಿ ಸಾರ್ ಎಂದು. ಅವರು ಮಾಡುತ್ತಿದ್ದುದು ಒಂದು ವಿಶೇಷ ಜಾತಿಯ ವಾಲ್ವಿನ ದಪ್ಪ ಹೊರಮೈ. ಕಾಯಿಸಿ ಆರಿಸುವಾಗ ಅದೂ ಬಿರುಕು ಬಿಡುತ್ತಿತ್ತು! ಇವರು ಕಳೆದುಹೋದ ನೆಂಟ ಸಿಕ್ಕ ಹಾಗೆ ಖುಷಿಪಟ್ಟರು. ಎರಡು ಮೂರು ದಿನದ ಲೆಕ್ಕ ಮರೆತು, ಎಷ್ಟೋ ತಿಂಗಳು ದಿನವೂ ಕುಲುಮೆಯ ಮುಂದೆ ಕೂತರು. ಈಗ ಮುಳ್ಳೂ ಇಲ್ಲ, ದುಂಡು ಕಾಗದವೂ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ. ಹಾಗೆಂದು ಹಳೆಯ ಅಭ್ಯಾಸ ಬಿಡಲು ಆಗುತ್ತದೆಯೇ? ಪರದೆಯ ಫೋಟೋ ತೆಗೆದು ದಿನಾ ನನ್ನ ಟ್ಯಾಬಿಗೆ ಕಳಿಸುತ್ತಿದ್ದರು. ಮೊದಲು ಚಿತ್ರ, ಅದರ ಕೆಳಗೆ ಬೇರೆಯಾಗಿ ಒಂದು ಸಾಲು. "ಇವತ್ತೂ ಹೋಯ್ತು." "ಇವತ್ತು ಅರ್ಧ ಸರಿ. ಊಟ ಆಯ್ತಾ?" ಹೀಗೆ.

ಒಂದು ಸಾಯಂಕಾಲ ಬಂದ ಸಾಲು: "ಇವತ್ತು ಬಿರುಕಿಲ್ಲ. ಬರುವಾಗ ಹೂಕೋಸು ತರ್ತೀನಿ."

ಹೂಕೋಸಿನ ಜೊತೆ ಮನೆಗೆ ಬಂದವರು ಕೂಡಲೇ ದೊರೈಗೆ ಮೇಲ್ ಮಾಡಬಹುದು ಎಂದು ನಾನು ಕಾದೆ. ಮಾಡಲಿಲ್ಲ. "ಮುಖ ನೋಡಿ ಹೇಳೋದು ಅಂತ ಮಾತಾಗಿದೆ," ಎಂದರು. "ಯಾವಾಗ ಮುಖ ನೋಡೋದು ಮಾರಾಯ್ರೇ, ಇಬ್ಬರಿಗೂ ಹಲ್ಲು ಉದುರಿದ ಮೇಲಾ?" ಎಂದರೆ ನಕ್ಕರು.

ಈ ವರ್ಷ ಮಾವಿನ ಮಿಡಿಯ ಕಾಲದಲ್ಲಿ ದೊರೈಯ ಮಗಳ ಮೇಲ್ ಬಂತು. ಅಪ್ಪನ ಹಾರ್ಟ್ ವೀಕ್ ಆಗಿದೆ, ಇನ್ನು ಅವರು ಪ್ರಯಾಣ ಮಾಡುವ ಹಾಗಿಲ್ಲ, ನಿಮ್ಮನ್ನು ನೋಡಬೇಕು ಎನ್ನುತ್ತಾರೆ. ಅದು ಇನ್ನೂ ಒಡೆಯುತ್ತದೆಯೇ ಎಂದು ಕೇಳುತ್ತಾರೆ, ಏನು ಎಂದು ನನಗೆ ತಿಳಿಯದು. ಅದನ್ನು ಓದಿ ನಮ್ಮವರು ಅವತ್ತೇ ಪಾಸ್‌ಪೋರ್ಟು ಹುಡುಕಲು ಶುರು ಮಾಡಿದರು. ಲ್ಯಾಪ್‌ಟಾಪಿನಲ್ಲಿ ಆ ಹೂಕೋಸಿನ ದಿನದ ಗ್ರಾಫನ್ನು ತೆರೆದು, ಸ್ನೇಹಿತನ ಮುಂದಿಟ್ಟು, ಎಲ್ಲಿ ನಿಧಾನ ಮಾಡಿದೆ, ಎಲ್ಲಿ ತಡೆದೆ ಎಂದು ಒಂದೊಂದು ಹೆಜ್ಜೆಯನ್ನೂ ಬೆರಳಿಟ್ಟು ತೋರಿಸಬೇಕು. ಎಷ್ಟು ವರ್ಷಗಳ ಮಾತು! ಆ ಮನುಷ್ಯ ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಪ್ರ್ಯಾಕ್ಟೀಸ್ ಮಾಡುವುದನ್ನು ನಾನೇ ಕದ್ದು ನೋಡಿದ್ದೇನೆ.

ಆದರೆ ಲ್ಯಾಪ್‌ಟಾಪು ಫೌಂಡ್ರಿಯವರದು. ಹೊರದೇಶಕ್ಕೆ ಹೊರಟಿದ್ದೇನೆ ಎಂದು ಇವರು ಅಲ್ಲಿ ಹೇಳಿದ ಮೇಲೆ ಒಂದು ಶನಿವಾರ ಆ ಆಫೀಸಿನ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಮನೆಗೆ ಬಂದಳು. ಕುಂಸಿ ಕಡೆಯವಳು, ಕಾನೂನು ಓದಿ, ಯಾವ ಮಾಲು, ಯಾವ ಮಾಹಿತಿ ದೇಶದಿಂದ ಹೊರಗೆ ಹೋಗಬಹುದು, ಯಾವುದು ಹೋಗಬಾರದು ಎಂಬುದನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಸೋಫಾದ ತುದಿಯಲ್ಲಿ ನೆಟ್ಟಗೆ ಕೂತು, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು.

"ಸರ್, ಈ ಲ್ಯಾಪ್‌ಟಾಪ್ ನೀವು ತಗೊಂಡು ಹೋಗೋ ಹಾಗಿಲ್ಲ."

"ಯಾಕಮ್ಮ? ವಾಪಸ್ ತರ್ತೀನಲ್ಲ."

"ವಾಪಸ್ ತಂದ್ರೂ ಅದು ಎಕ್ಸ್‌ಪೋರ್ಟೇ ಸರ್."

"ನಾನೇನು ಅಲ್ಲಿ ಸಂತೇಲಿ ಇಟ್ಟು ಮಾರ್ತೀನಾ?"

"ಮಾರೋದೇ ಬೇಡ ಸರ್, ಗಡಿ ದಾಟಿದ್ರೆ ಸಾಕು. ನಮ್ಮ ಆ ವಾಲ್ವು ಆಯುಧ ಮಾಡೋ ಕೆಲಸಕ್ಕೂ ಬರ್ತದೆ ಅಂತ ಸರ್ಕಾರದ ಕಂಟ್ರೋಲ್ ಪಟ್ಟಿಯಲ್ಲಿದೆ. ಅದರ ಡ್ರಾಯಿಂಗು, ಅದನ್ನ ಕಾಯಿಸಿ ಆರಿಸೋ ಕ್ರಮ, ಅದೂ ಎಲ್ಲಾ ಅದರ ಜೊತೆಗೇ ಬರ್ತದೆ. ಪರ್ಮಿಷನ್ ಇಲ್ದೆ ಹೊರಗೆ ಹೋಗ್ಬಾರದು."

"ಹಾಗಾದ್ರೆ ಪರ್ಮಿಷನ್ ಕೇಳು."

"ಅರ್ಜಿ ಹಾಕಬಹುದು. ಯಾರಿಗೆ ಕೊಡ್ತೀರಿ, ಅವರು ಅದನ್ನ ಏನು ಮಾಡ್ತಾರೆ, ಎಲ್ಲಿ ಬಳಸ್ತಾರೆ ಅಂತ ಕೇಳ್ತಾರೆ. ಹಳೇ ಸ್ನೇಹಿತರಿಗೆ ಮಾತು ಕೊಟ್ಟಿದ್ದೆ ಅಂತ ಬರೆಯೋಕೆ ಅದ್ರಲ್ಲಿ ಕಾಲಂ ಇಲ್ಲ ಸರ್. ತಿಂಗಳುಗಟ್ಟಲೆ ಆಗ್ತದೆ, ಸಿಗ್ತದೆ ಅಂತಾನೂ ಹೇಳೋಕಾಗಲ್ಲ."

ದೊರೈಯ ಹಾರ್ಟಿಗೆ ತಿಂಗಳುಗಟ್ಟಲೆ ಪುರಸೊತ್ತು ಇರಲಿಲ್ಲ. ನಮ್ಮವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಅವರಿಗೆ ಸಿಟ್ಟು ಬಂದಾಗ ಹಾಗೆ ಮಾಡುತ್ತಾರೆ.

"ಆಯ್ತು. ಲ್ಯಾಪ್‌ಟಾಪೇ ಬೇಡ. ನಾನು ಬಾಯಲ್ಲೇ ಹೇಳ್ತೀನಿ."

ಹುಡುಗಿ ಲೋಟ ಕೆಳಗಿಟ್ಟಳು. "ಬಾಯಲ್ಲಿ ಹೇಳಿದ್ರೂ ಅದೇ ಸರ್. ಮೇಲ್ ಮಾಡಿದ್ರೂ ಅದೇ, ತೋರಿಸಿದ್ರೂ ಅದೇ. ಪುಸ್ತಕದಲ್ಲಿ ಅಚ್ಚಾಗಿರೋ ಮೆಟಲರ್ಜಿ ಎಷ್ಟು ಬೇಕಾದ್ರೂ ಮಾತಾಡಿ. ನೀವು ನಮ್ಮಲ್ಲಿ ಕಂಡುಹಿಡಿದಿದ್ದು ಮಾತ್ರ ಬೇಡ."

"ಅಂದ್ರೆ ನನ್ನ ತಲೇನೂ ಖಾಲಿ ಮಾಡಿ ಕಳಿಸ್ತೀಯಾ?"

ನಾನು ಬಾಗಿಲಲ್ಲಿ ನಿಂತಿದ್ದವಳು ತಡೆಯಲಾರದೆ ಹೇಳಿದೆ: "ಅದೊಂದು ಬಿಟ್ರೆ ಅವರ ತಲೇಲಿ ಬೇರೇನೂ ಇಲ್ಲ ಕಣಮ್ಮ. ನಿನ್ನೆ ಮೊಸರು ತನ್ನಿ ಅಂದ್ರೆ ಬ್ರೆಡ್ ತಂದಿದ್ದಾರೆ."

ಹುಡುಗಿ ನಗು ತಡೆದುಕೊಂಡಳು. ಇವರು ನಗಲಿಲ್ಲ. "ಈ ಗ್ರಾಫ್ ಬರೆದಿದ್ದು ನಾನು. ನನ್ನ ಸ್ನೇಹಿತನಿಗೆ ನಾನು ತೋರಿಸೋ ಹಾಗಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಅದು ಅವಳಿಗೆ ಹೇಳಿದ್ದಲ್ಲ ಎಂದು ಅವಳಿಗೂ ಗೊತ್ತಾಯಿತು.

ಅವಳು ಒಂದು ಖಾಲಿ ಲ್ಯಾಪ್‌ಟಾಪನ್ನು ಜೊತೆಗೆ ತಂದಿದ್ದಳು. ಮೇಲ್ ನೋಡಬಹುದು, ನಮ್ಮ ಮನೆಯ ಫೋಟೋಗಳನ್ನು ಹಾಕಿಕೊಳ್ಳಬಹುದು, ಅಷ್ಟೇ. ಇದು ಕೈಚೀಲದಲ್ಲೇ ಇರಬೇಕು ಸರ್, ಸೂಟ್‌ಕೇಸಿಗೆ ಹಾಕಬೇಡಿ. ಬೇರೆಯವರ ಕೈಗೆ ಕೊಡಬೇಡಿ. ಅಲ್ಲಿ ಯಾರಾದರೂ ಪೆನ್ ಡ್ರೈವ್ ಕೊಟ್ಟರೆ ಚುಚ್ಚಬೇಡಿ. ಏರ್‌ಪೋರ್ಟಿನಲ್ಲಿ ತೆರೆದು ತೋರಿಸಿ ಎಂದರೆ ತೋರಿಸಿ, ವಾದ ಮಾಡಬೇಡಿ. ಕಳೆದುಹೋದರೆ ಆ ಕ್ಷಣ ನನಗೆ ಫೋನ್ ಮಾಡಿ. ಹೀಗೆ ಅವಳು ಹೇಳುತ್ತ ಹೋದಾಗ ನನಗೆ ಸ್ಕೂಲ್ ಪಿಕ್‌ನಿಕ್ಕಿನ ಮೊದಲು ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದ ಸಿಸ್ಟರ್ ನೆನಪಾದರು. ಅವರದೂ ಇದೇ ಧಾಟಿ: ಗದರಿಕೆಯಲ್ಲಿ ಅರ್ಧ ಅಕ್ಕರೆ.

"ಉಪ್ಪಿನಕಾಯಿ?" ಎಂದು ನಾನು ಕೇಳಿದೆ.

"ಉಪ್ಪಿನಕಾಯಿ ಸೂಟ್‌ಕೇಸಲ್ಲಿ, ಲ್ಯಾಪ್‌ಟಾಪ್ ಕೈಯಲ್ಲಿ. ಅದಲುಬದಲು ಮಾಡಿಬಿಟ್ಟೀರಿ ಆಂಟಿ."

ಲೋಟ ಇಡಲು ಅವಳೇ ಅಡುಗೆಮನೆಗೆ ಬಂದಳು. ಕಟ್ಟೆಯ ಮೇಲೆ, ದೊರೈಗೆಂದು ನಾನು ತುಂಬಿಟ್ಟ ಹೊಸ ಮಿಡಿಯ ಜಾಡಿ ಇತ್ತು. ಬಟ್ಟೆ ಇನ್ನೂ ಕಟ್ಟಿರಲಿಲ್ಲ. ಬಾಯಿಗೆ ದುಂಡು ಚಾರ್ಟು, ಕೆಂಪು ರೇಖೆ ಮೇಲಾಗಿ.

"ಆಂಟೀ!"

ಹಾಸಿಗೆಯ ಕೆಳಗೆ ಕಥೆಪುಸ್ತಕ ಸಿಕ್ಕಾಗ ಸಿಸ್ಟರ್ ಕೂಗುತ್ತಿದ್ದರಲ್ಲ, ಅದೇ ಶ್ರುತಿ. "ಇದು ಕುಲುಮೆ ಚಾರ್ಟಲ್ವಾ? ಇದನ್ನ ಜರ್ಮನಿಗೆ ಕಟ್ತಿದ್ದೀರಾ?"

ನಮ್ಮವರು ಓಡಿಬಂದು ನೋಡಿದರು. ಅದು ಭದ್ರಾವತಿಯ ಕಾಲದ್ದು, ಸಾಧಾರಣ ಕಬ್ಬಿಣದ ಸಲಾಕೆ ಕಾಯಿಸಿದ್ದು, ಕಾಲೇಜು ಪುಸ್ತಕದಲ್ಲೇ ಇರುವಂಥದ್ದು ಎಂದು ವಿವರಿಸಿದರು. ಅವಳಿಗೆ ಉಸಿರು ಬಂತು. "ಆದ್ರೂ ತೆಗೆದುಬಿಡಿ ಆಂಟಿ. ಏರ್‌ಪೋರ್ಟಲ್ಲಿ ಯಾರಾದ್ರೂ ಬಿಚ್ಚಿ ನೋಡಿದ್ರೆ ಈ ಕಥೆಯೆಲ್ಲಾ ಹೇಳ್ತಾ ನಿಲ್ತೀರಾ?" ನಾನು ಚಾರ್ಟು ತೆಗೆದು ಬಟರ್ ಪೇಪರ್ ಮುಚ್ಚಿದೆ. ಜಾಡಿ ಯಾಕೋ ತಲೆ ಬೋಳಿಸಿಕೊಂಡ ಹಾಗೆ ಕಂಡಿತು.

ಅವಳು ಆ ಚಾರ್ಟನ್ನು ಬೆಳಕಿಗೆ ಹಿಡಿದು ಅಕ್ಕರೆಯಿಂದಲೇ ನೋಡಿದಳು. "ಎಷ್ಟು ಚಂದ ಇದೆ ಆಂಟಿ. ಸರ್ ಈಗಲೂ ತರ್ತಾರಾ?"

"ಈಗ ಕಾಗದ ಎಲ್ಲಮ್ಮ. ಫೋಟೋ ತೆಗೆದು ನನ್ನ ಟ್ಯಾಬಿಗೆ ಕಳಿಸ್ತಾರೆ, ದಿನಾ," ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ.

ಹೇಳಿದ ಮೇಲೆ ನಮ್ಮವರ ಮುಖ ನೋಡಿದೆ. ಅವರು ಕಿಟಕಿಯಾಚೆ ಕರಿಬೇವಿನ ಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಟ್ಯಾಬು ಊಟದ ಮೇಜಿನ ಮೇಲೆ ಚಾರ್ಜಿಗಿತ್ತು. ಮೊಮ್ಮಕ್ಕಳ ಫೋಟೋ ತೋರಿಸಲು, ಪ್ರಯಾಣದಲ್ಲಿ ಓದಲು ಅದನ್ನು ನಾನು ಒಯ್ಯುವುದೆಂದು ನಿಶ್ಚಯವಾಗಿತ್ತು. ಹುಡುಗಿ ಅದನ್ನು ತೆರೆದು ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತ ಹೋದಳು. ಗ್ರಾಫು, ಗ್ರಾಫು, ಒಂದು ಮೊಮ್ಮಗು, ಗ್ರಾಫು, ಟೆರೇಸಿನ ದಾಸವಾಳ, ಮತ್ತೆ ಗ್ರಾಫು. ಅವಳು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

"ನಿಮಗಿದು ಗೊತ್ತಿತ್ತಾ ರೀ?" ಎಂದು ನಾನು ಕೇಳಿದೆ.

"ಅವಳು ಲ್ಯಾಪ್‌ಟಾಪ್ ಮಾತ್ರ ಕೇಳಿದ್ಲು," ಎಂದರು ನಮ್ಮವರು.

"ಇದನ್ನೇ ನೆಚ್ಚಿಕೊಂಡು ಕೂತಿದ್ರಾ? ನನ್ನ ಚೀಲದಲ್ಲಿ?"

ಎಪ್ಪತ್ತು ದಾಟಿದ ಮನುಷ್ಯ, ಮಗ್ಗಿ ತಪ್ಪಿದ ಹುಡುಗನ ಹಾಗೆ ನಿಂತಿದ್ದರು. ನನಗೆ ಬೈಯಬೇಕು ಎನ್ನಿಸಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಒಂದು ವಿಷಯ ಮುಚ್ಚಿಡಲು ಹೊರಟಾಗ ಎಷ್ಟು ಕಷ್ಟಪಡುತ್ತಾರೆ! ಸ್ನೇಹಿತನ ಮೇಲಿನ ಅಫೆಕ್ಷನ್ ಅವರನ್ನು ಅಲ್ಲಿವರೆಗೆ ತಳ್ಳಿತ್ತು. ಹುಡುಗಿಗೂ ಅದು ಕಂಡಿರಬೇಕು. ಅವಳು ಕಾನೂನು ಹೇಳಲಿಲ್ಲ, ಕಂಪನಿಯ ಹೆಸರು ಹೇಳಲಿಲ್ಲ. "ಸರ್, ನೀವು ಹೇಳಿದ್ದು ಆಮೇಲೆ ಎಲ್ಲಿಗೆ ಹೋಗ್ತದೆ ಅಂತ ನಿಮಗೂ ಗೊತ್ತಿರಲ್ಲ, ಅವರಿಗೂ ಗೊತ್ತಿರಲ್ಲ. ಅವರು ಒಳ್ಳೆಯವರೇ ಇರ್ತಾರೆ. ಅದನ್ನ ಕಿವಿಗೆ ಹಾಕ್ಕೊಂಡ್ರೆ ಅವರಿಗೂ ಕಷ್ಟ," ಎಂದಳು, ಅಷ್ಟೇ.

ನಮ್ಮವರು ಬಹಳ ಹೊತ್ತು ಆ ಮಾತನ್ನು ನೋಡಿದರು. ಹೌದು, ಎದುರಿಗೆ ಇಟ್ಟ ವಸ್ತುವನ್ನು ನೋಡುವ ಹಾಗೆ. ಆಮೇಲೆ ಟ್ಯಾಬಿಗೆ ಕೈಚಾಚಿ, "ಕೊಡು ಇಲ್ಲಿ. ನಾನೇ ಅಳಿಸ್ತೀನಿ," ಎಂದರು.

ಅವಳು ಪಕ್ಕದಲ್ಲಿ ಕೂತು ದಾರಿ ತೋರಿಸಿದಳು. ಅಳಿಸಿದ್ದೆಲ್ಲ ಇನ್ನೊಂದು ಕಸದ ಬುಟ್ಟಿಯಲ್ಲಿ ಉಳಿದಿರುತ್ತದಂತೆ. ಅದನ್ನೂ ಖಾಲಿ ಮಾಡಬೇಕು. ಆಕಾಶದಲ್ಲೆಲ್ಲೋ ಮತ್ತೊಂದು ಪ್ರತಿ ಕೂತಿರುತ್ತದಂತೆ. ಅದನ್ನೂ ಹುಡುಕಿ ತೆಗೆಯಬೇಕು. ಫೋಟೋ ತೆಗೆದ ಇವರ ಫೋನಿನಲ್ಲೂ ಇದೇ ಕೆಲಸ. ಅಸಲು ಆಫೀಸಿನಲ್ಲಿ ಭದ್ರವಾಗಿದೆ ಸರ್ ಎಂದು ಅವಳು ಸಮಾಧಾನ ಹೇಳುತ್ತಿದ್ದಳು. ಒಂದೊಂದೇ ಗ್ರಾಫು ಹೋಗುತ್ತಿದ್ದಂತೆ ಕೆಳಗಿದ್ದ ಸಾಲುಗಳು ಮಾತ್ರ ಒಂದರ ಕೆಳಗೊಂದು ಬಂದು ನಿಂತವು. ಇವತ್ತೂ ಹೋಯ್ತು. ಇವತ್ತೂ ಹೋಯ್ತು. ಊಟ ಆಯ್ತಾ. ಮಾತ್ರೆ ತಗೊಂಡ್ಯಾ. ಇವತ್ತೂ ಹೋಯ್ತು. ಚಿತ್ರಗಳ ಸಂದಿಯಲ್ಲಿ ನಾನು ಅವನ್ನು ಸರಿಯಾಗಿ ಓದಿಯೇ ಇರಲಿಲ್ಲ. ಸೋತ ದಿನಗಳಲ್ಲೂ ಈ ಮನುಷ್ಯ ನನ್ನ ಮಾತ್ರೆ ಮರೆತಿರಲಿಲ್ಲ.

ಹೂಕೋಸಿನ ದಿನದ ಗ್ರಾಫು ಬಂದಾಗ ಅವರ ಬೆರಳು ನಿಂತಿತು. ನಾನು ಇನ್ನೊಂದು ಕಡೆಗೆ ತಿರುಗಿ ಒಗ್ಗರಣೆ ಡಬ್ಬಿ ಒರೆಸತೊಡಗಿದೆ. ತಿರುಗಿ ನೋಡಿದಾಗ ಅದು ಇರಲಿಲ್ಲ.

"ಒಂದು ಕೇಳ್ಲಾ?" ಎಂದು ನಾನು ಹುಡುಗಿಯನ್ನು ಕೇಳಿದೆ. "ಬಿರುಕಿಲ್ಲ ಅಂತ ಹೇಳಬಹುದಾ?"

ಅವಳು ಯೋಚಿಸಿದಳು. ಪಾಪ, ಸುಲಭವಾಗಿ ಹೂಂ ಎನ್ನುವ ಹುಡುಗಿಯಲ್ಲ ಅವಳು. ಹೊರಗೆ ಹೋಗಿ ಆಫೀಸಿಗೆ ಫೋನ್ ಮಾಡಿ, ಸುಮಾರು ಹೊತ್ತು ಮಾತಾಡಿ ಬಂದಳು. "ಬಿರುಕಿಲ್ಲ ಅಂತ ಹೇಳಬಹುದು ಆಂಟಿ. ನಾವೇ ನಮ್ಮ ಗಿರಾಕಿಗಳಿಗೆಲ್ಲಾ ಹಾಗಂತ ಹೇಳ್ಕೊಂಡಿದ್ದೀವಲ್ಲ. ಹೇಗೆ ಅಂತ ಮಾತ್ರ ಬೇಡ."

ನಾವು ಬೆಂಗಳೂರಿಗೆ ರೈಲಿನಲ್ಲಿ ಹೊರಟೆವು. ಇವರು ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅಡ್ಡ ಹಾಕಿಕೊಂಡು, ಬಾಣಂತಿ ಮಗುವನ್ನು ಹಿಡಿದಂತೆ ಹಿಡಿದಿದ್ದರು. ಭದ್ರಾವತಿ ಬಂದಾಗ ಕಿಟಕಿಯಿಂದ ಆಚೆ ನೋಡಿ, "ಇಲ್ಲೇ ಕಣೇ ಮಾತಾಗಿದ್ದು, ಈ ಪ್ಲಾಟ್‌ಫಾರಮ್ಮಲ್ಲೇ," ಎಂದರು. ಬೀರೂರಿನವರೆಗೂ ಅವರ ಕಣ್ಣು ಕಿಟಕಿಯಾಚೆಯೇ ಇತ್ತು. ನಾನು ಸುಮ್ಮನೆ ಕೋಡುಬಳೆ ಡಬ್ಬಿ ತೆರೆದು ಅವರ ಮುಂದೆ ಹಿಡಿದೆ. ಒಂದು ತೆಗೆದುಕೊಂಡರು.

ಏರ್‌ಪೋರ್ಟಿನಲ್ಲಿ ಟ್ರೇನಲ್ಲಿ ಇಡಿ ಎಂದಾಗ ಇಡಲು ಅವರಿಗೆ ಮನಸ್ಸಿಲ್ಲ. ಆಚೆ ಕಡೆಯಿಂದ ಅದು ಬರುವವರೆಗೆ ಬೆಲ್ಟು ಒಂದು ಕೈಯಲ್ಲಿ, ಜಾರುತ್ತಿದ್ದ ಪ್ಯಾಂಟು ಇನ್ನೊಂದು ಕೈಯಲ್ಲಿ ಹಿಡಿದು ಕುತ್ತಿಗೆ ಉದ್ದ ಮಾಡಿ ನಿಂತಿದ್ದರು. ಬಾತ್‌ರೂಮಿಗೂ ಅದನ್ನು ತಗೊಂಡೇ ಹೋದರು. "ನನ್ನ ಕೈಗೆ ಕೊಡ್ರೀ, ನಾನೇನು ಬೇರೆಯವಳಾ?" ಎಂದರೆ, "ಯಾರ ಕೈಗೂ ಕೊಡಬೇಡಿ ಅಂದಿದ್ದಾಳೆ," ಎಂದರು. ಒಳಗೆ ಮೊಮ್ಮಕ್ಕಳ ಹುಟ್ಟುಹಬ್ಬದ ಫೋಟೋ ಬಿಟ್ಟು ಏನೂ ಇರಲಿಲ್ಲ. ರೂಲ್ ಒಪ್ಪಿಕೊಂಡ ಮೇಲೆ ಪೂರ್ತಿ ಒಪ್ಪಿಕೊಳ್ಳುವ ಜಾತಿ.

ದೊರೈಯ ಮನೆ ಒಂದು ಪುಟ್ಟ ಊರಿನ ಅಂಚಿನಲ್ಲಿ, ಗುಲಾಬಿ ಹಬ್ಬಿಸಿದ ಗೋಡೆಯ ಹಿಂದೆ ಇತ್ತು. ಬಾಗಿಲು ತೆರೆದವರು ಅವರೇ. ಎತ್ತರ ಅರ್ಧ ಕರಗಿಹೋಗಿತ್ತು, ಸ್ವೆಟರು ಹ್ಯಾಂಗರಿಗೆ ತೂಗುಹಾಕಿದ ಹಾಗೆ ಕಾಣುತ್ತಿತ್ತು; ಕಣ್ಣು ಮಾತ್ರ ಅವೇ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲು ಹೋದಾಗ ನಡುವೆ ಲ್ಯಾಪ್‌ಟಾಪ್ ಚೀಲ ಸಿಕ್ಕಿಕೊಂಡಿತು. ನಾನು ನಗಲು ಹೋಗಿ ಅತ್ತೆ.

ಕಾಫಿಯಾದ ಮೇಲೆ ದೊರೈಯ ಮಗಳು, ನಿಮ್ಮ ಫೋಟೋಗಳನ್ನು ಟಿವಿಯಲ್ಲಿ ನೋಡೋಣ, ಲ್ಯಾಪ್‌ಟಾಪ್ ಕೊಡಿ, ನಾನು ಜೋಡಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಕೈಚಾಚಿದಳು. ನಮ್ಮವರು ಬಹಳ ಸಂಕೋಚದಿಂದ ಸಾರಿ ಎಂದು, ತಾವೇ ತೆರೆದು, ಪರದೆಯನ್ನು ಅವರ ಕಡೆಗೆ ತಿರುಗಿಸಿದರು. ಅವಳಿಗೆ ಅರ್ಥವಾಗಲಿಲ್ಲ. ದೊರೈ ಮಾತ್ರ ಅದನ್ನು ಗಮನಿಸಿ ನಕ್ಕರು.

"ನಿಮಗೆ ಖಾಲಿಯದನ್ನು ಕೊಟ್ಟು ಕಳಿಸಿದ್ದಾರೆ," ಎಂದರು. ತಮ್ಮ ಸರ್ವಿಸಿನ ಕೊನೆಯ ವರ್ಷಗಳಲ್ಲಿ ತಮಗೂ ಹಾಗೇ ಕೊಡುತ್ತಿದ್ದರಂತೆ. ಕಂಪನಿಯವರು ಟೂತ್‌ಬ್ರಷ್ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ತೆಗೆದಿಟ್ಟುಕೊಳ್ಳುತ್ತಿದ್ದರು ಎಂದು ನಗಿಸಿದರು.

ಫೋಟೋಗಳು ಮುಗಿದವು. ಮಗಳು ಕಪ್ಪುಗಳನ್ನು ಒಳಗೆ ಒಯ್ದಳು. ದೊರೈ 'ಅದು ಇನ್ನೂ ಒಡೆಯುತ್ತದೆಯೇ' ಎಂದು ಕೇಳಲಿಲ್ಲ. ಕೇಳಲು ಬಾಯಿ ತೆರೆದು, ಆ ಖಾಲಿ ಲ್ಯಾಪ್‌ಟಾಪನ್ನು ನೋಡಿ, ಮುಚ್ಚಿಕೊಂಡದ್ದನ್ನು ನಾನು ಕಂಡೆ. ಸ್ನೇಹಿತನಿಗೆ ಕಷ್ಟವಾಗಬಾರದು ಎಂದು. ನಮ್ಮವರಿಗೂ ಅದು ಕಂಡಿತು. ಕನ್ನಡಿಯ ಮುಂದೆ ಪ್ರ್ಯಾಕ್ಟೀಸ್ ಮಾಡಿದ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತುಬಿಟ್ಟರು.

ನಾನು ಟ್ಯಾಬು ತೆರೆದೆ. ಹೂಕೋಸಿನ ದಿನದ ಸಾಲನ್ನು ಹುಡುಕಿ ನಮ್ಮವರ ಮುಂದೆ ಹಿಡಿದೆ. ಅವರು ಅದನ್ನು ಓದಿಕೊಂಡರು. ಆಮೇಲೆ ಸ್ನೇಹಿತನ ಮುಖ ನೋಡಿ, ಕೊಟ್ಟ ಮಾತಿನಂತೆ ಮುಖವನ್ನೇ ನೋಡಿ, "ಇಟ್ ಡಸ್ ನಾಟ್ ಕ್ರ್ಯಾಕ್," ಎಂದರು. "ಆದರೆ ಹೇಗೆ ಅಂತ ನಾನು ಹೇಳುವ ಹಾಗಿಲ್ಲ. ಐ ಆ್ಯಮ್ ಸಾರಿ, ಮೈ ಫ್ರೆಂಡ್."

ದೊರೈ ಹೇಗೆ ಎನ್ನಲಿಲ್ಲ, ಎಷ್ಟು ಬಿಸಿ ಎನ್ನಲಿಲ್ಲ. ನಿಧಾನವಾಗಿ ಬೆರಳೆತ್ತಿ ತುಟಿಯ ಮೇಲಿಟ್ಟರು. ತಲೆಯನ್ನು ಒಂದು ಕಡೆಗೆ ವಾಲಿಸಿದರು. ನಮ್ಮವರೂ ವಾಲಿಸಿದರು. ಭದ್ರಾವತಿಯ ಆ ಬೆಂಚು, ಚೆಲ್ಲಿದ ಟೀ, ಗುಂಡಿಯೊಳಗಿನ ಬಿಸಿ, ಎಲ್ಲ ಆ ಕೋಣೆಗೆ ಬಂದು ಕೂತಂತಾಯಿತು. ನಾನೂ ಉಸಿರು ಬಿಗಿಹಿಡಿದು ಕೇಳಿದೆ. ಒಳಗೆ ಮಗಳು ನಲ್ಲಿ ತಿರುಗಿಸಿದ್ದು ಕೇಳಿಸಿತು, ಹೊರಗೆ ಯಾರದೋ ಸೈಕಲ್ ಹೋದದ್ದು ಕೇಳಿಸಿತು. ನಾವು ಕಾಯುತ್ತಿದ್ದ ಸದ್ದು ಬರಲಿಲ್ಲ.

ಬಹಳ ಹೊತ್ತಿನ ಮೇಲೆ ದೊರೈ ಬೆರಳು ಇಳಿಸಿ, "ನಥಿಂಗ್," ಎಂದರು. ಅಷ್ಟು ತೃಪ್ತಿಯಿಂದ ಆ ಶಬ್ದವನ್ನು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ನಮ್ಮವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಸಂಜೆಯವರೆಗೂ ಹಾಗೆಯೇ, ಬೇರೆ ಏನೇನೋ ಮಾತಾಡುತ್ತ ಕೂತರು.

ರಾತ್ರಿಯ ಊಟಕ್ಕೆ ನಾನು ಜಾಡಿಯ ಬಟ್ಟೆ ಬಿಚ್ಚಿದೆ. ಬಟರ್ ಪೇಪರ್ ನೋಡಿ ದೊರೈ, "ವೇರ್ ಈಸ್ ದ ಚಾರ್ಟ್?" ಎಂದು ಕೇಳಿದರು. ಮೂವರೂ ಎಷ್ಟು ನಕ್ಕೆವೆಂದರೆ ಅವರ ಮಗಳು ಮಾತ್ರೆಯ ಡಬ್ಬಿ ಹಿಡಿದುಕೊಂಡು ಓಡಿಬಂದಳು.